ಗಾಳದವರ ಮಾತು, ಒಲೆ ಮುಂದಿನ ಯೋಚನೆ



ಈ ಸಲ ಅಡಿಗೆಗಿಂತ ಮುಂಚೆ ಒಂದು ಜಗಳದ ಸಮಾಚಾರ ಹೇಳಬೇಕು. ಜಗಳ ನಡೆದದ್ದು ನಮ್ಮ ಮನೆ ಹಿತ್ತಿಲಲ್ಲಿ, ಒಂದು ಬಕೆಟ್ಟಿನ ಸುತ್ತ. ಬಕೆಟ್ಟಿನಲ್ಲಿ ಎರಡು ಕೊರಮೀನು, ಒಂದು ಹನ್ನೆರಡು ಜಿಲೇಬಿ ಮೀನು, ಮೇಲೆ ಉದ್ದ ಮೀಸೆಯ ಒಂದು ಕ್ಯಾಟ್‌ಫಿಶ್. ಸುತ್ತ ನಿಂತವರು ನಾಲ್ಕು ಜನ ಗಂಡಸರು. ಅವರಲ್ಲಿ ಯಾರಿಗೂ ಒಲೆ ಹಚ್ಚಲು ಬರುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮಗಳು ಚೊಚ್ಚಲ ಬಸುರಿ. ಏಳು ತುಂಬಿತು ಅಂತ ಸೀಮಂತ ಮಾಡಿ ತವರಿಗೆ ಕರೆದುಕೊಂಡು ಬಂದಿದ್ದೆವು. ಬಂದ ಮಾರನೇ ದಿನವೇ, "ಅಮ್ಮಾ, ಮಾವಿನಕಾಯಿ ಹಾಕಿ ಮೀನಿನ ಸಾರು ಮಾಡು" ಅಂದಳು. ನಮ್ಮ ಶ್ರೀನಿವಾಸಪುರದಲ್ಲಿ ಜೂನ್ ತಿಂಗಳಲ್ಲಿ ಮಾವಿನಕಾಯಿಗೇನು ಬರವೇ? ಮೀನು ತರುತ್ತೇನೆ ಅಂತ ನಮ್ಮವರು ಭಾನುವಾರ ಬೆಳಗಿನ ಜಾವಕ್ಕೇ ಗಾಳ ಹಿಡಿದು ಹೊರಟರು. ಅವರಿಗೆ ಒಂದು ನೆವ ಸಾಕಿತ್ತು.

ನಮ್ಮವರ ಈ ಗಾಳದ ಹುಚ್ಚು ಮದುವೆಗೆ ಮುಂಚಿನದು. ಅಂಗಡಿ ಬಾಗಿಲು ಹಾಕಿದ ದಿನ ಎರೆಹುಳದ ಡಬ್ಬಿ, ಬೆಂಡು, ಒಂದು ಉಂಡೆ ರಾಗಿಹಿಟ್ಟು, ಇಷ್ಟು ಇದ್ದರೆ ಊಟದ ಯೋಚನೆಯೂ ಇಲ್ಲ. ನಡುವೆ ಎಷ್ಟೋ ವರ್ಷ ಗಾಳ ಅಟ್ಟದ ಮೇಲೆ ಧೂಳು ಹಿಡಿದು ಕೂತಿತ್ತು. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಕೆರೆ ಇದ್ದು ಏನು ಪ್ರಯೋಜನ? ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆಗಳೆಲ್ಲ ಜಾಲಿ ಬೆಳೆದ ಬಯಲಾಗಿ, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಬರುತ್ತಿದ್ದುದು ಫ್ಲೋರೈಡ್ ನೀರು. ಆಮೇಲೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಕಡೆಯ 126 ಕೆರೆ ತುಂಬಿಸುವ ಯೋಜನೆ ಅದು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟು ತಡೆ ಕೊಟ್ಟು, ಆ ಮೇಲೆ ತಡೆ ತೆರವಾಗಿ ಮತ್ತೆ ನೀರು ಹರಿಯಿತು. 2021ರ ನವೆಂಬರಿನಲ್ಲಿ ಮಳೆಯೂ ಹಿಡಿದುಕೊಂಡು, ನಾವು ಕಂಡೇ ಇರದ ಕೋಡಿಗಳೆಲ್ಲ ಹರಿದವು. ಕೋಡಿ ನೀರಿನಲ್ಲಿ ಜನ ಸೊಳ್ಳೆಪರದೆ, ಹಳೇ ಸೀರೆ ಹಿಡಿದು ಮೀನು ಬಾಚಿದ್ದೇ ಬಾಚಿದ್ದು. ನೀರು ಬಂತು, ಮೀನು ಬಂತು, ಅಟ್ಟದ ಮೇಲಿನ ಗಾಳವೂ ಇಳಿಯಿತು.

ಬಕೆಟ್ಟಿಗೆ ಬರೋಣ. ಸೀಮಂತಕ್ಕೆ ಬಂದ ನೆಂಟರು ಇನ್ನೂ ಉಳಿದಿದ್ದರು. ಮುಳಬಾಗಿಲಿನಿಂದ ನಮ್ಮಕ್ಕ, ಭಾವ. ಮಾಲೂರಿನಿಂದ ನನ್ನ ತಮ್ಮ. ನಮ್ಮವರ ಜೊತೆ ಗಾಳ ಹಾಕಲು ಹೋಗಿದ್ದ ಕೋಲಾರದ ನಿವೃತ್ತ ಮೇಷ್ಟ್ರು ಒಬ್ಬರು. ಭಾವ ಪಂಚಾಯಿತಿ ಕೆರೆಯೊಂದನ್ನು ಮೀನಿಗೆ ಗುತ್ತಿಗೆ ಹಿಡಿದವರು. ಅವರ ಕಣ್ಣಿಗೆ ಗಾಳದವರೆಲ್ಲ ಕಳ್ಳರು.

"ಬಿತ್ತನೆ ಮರಿ ತಂದು ಬಿಡೋದು ನಾನು, ಕಾವಲಿಗೆ ಜನ ಇಡೋದು ನಾನು. ನೀವು ಛತ್ರಿ ಹಿಡ್ಕೊಂಡು ಕೂತು ಎತ್ಕೊಂಡು ಹೋಗ್ತೀರಿ" ಅಂದರು ಭಾವ.

ಅವರ ಮಾತಿನಲ್ಲೂ ನ್ಯಾಯವಿದೆ. ಕಾಟ್ಲಾ, ರೋಹು, ಮೃಗಾಲ್ ಇವೆಲ್ಲ ಹರಿಯುವ ಹೊಳೆಯ ಮೀನು. ನಿಂತ ಕೆರೆಯಲ್ಲಿ ಅವು ಬೆಳೆಯುತ್ತವೆ, ಆದರೆ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಇಂಥ ಮೀನುಗಳಿಗೆ ಮೊಟ್ಟೆ ಇಡಿಸುವುದನ್ನು ಸಾಧಿಸಿದ ಮೇಲೆಯೇ ಊರೂರ ಕೆರೆಗೆ ಮರಿ ಬಿಡುವುದು ಸಲೀಸಾದದ್ದು. ಹಾಗಾಗಿ ಕಾಟ್ಲಾ ಹಿಡಿದವನು ಬಿತ್ತಿದವನ ಬೆಳೆ ಕೊಯ್ದ ಹಾಗೆಯೇ. ನಮ್ಮವರು ಅದನ್ನು ಒಪ್ಪುತ್ತಾರೆ. "ಕಾಟ್ಲಾ ನಿಮ್ಮದು ಭಾವ, ಕೊರಮೀನು ಯಾರು ಬಿತ್ತಿದ್ದು?" ಅಂದರು. ಭಾವನ ಬಾಯಿ ಒಂದು ನಿಮಿಷ ಕಟ್ಟಿತು.

ನನ್ನ ತಮ್ಮನದು ಇನ್ನೊಂದು ದಾರಿ. ಅವನ ಕಾರ್ಖಾನೆಯ ಜೊತೆಗಾರರು ರಜಾ ದಿನ ಬೈಕಿನಲ್ಲಿ ಕೆರೆ ಕೆರೆ ಸುತ್ತಿ, ರಬ್ಬರಿನ ಕಪ್ಪೆ ಕಟ್ಟಿ ಕೊರಮೀನು ಹೊಡೆಯುತ್ತಾರಂತೆ. ಸಿಕ್ಕಷ್ಟೂ ಬಾಚುವುದು, ಫೋಟೋ ತೆಗೆಯುವುದು. ಕೆಲವರು ಕರೆಂಟು ಬಿಡುತ್ತಾರೆ, ಬ್ಲೀಚಿಂಗ್ ಪುಡಿ ಚೆಲ್ಲುತ್ತಾರೆ ಅಂತಲೂ ಅವನೇ ಹೇಳಿದ. ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯಬಾರದು ಅಂತ 1897ರ ಕಾನೂನಿನಲ್ಲೇ ಇದೆಯಪ್ಪ ಎಂದು ಮೇಷ್ಟ್ರು ಗದರಿದರು. ನನ್ನ ತಮ್ಮ, "ನಾನಲ್ಲ ಸಾರ್, ಬೇರೆಯವರು" ಅಂದ. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ.

ಮೇಷ್ಟ್ರು ಓದಿಕೊಂಡವರು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು 1946ರಲ್ಲಿ 120 ಪೌಂಡಿನ ಮಹಶೀರ್ ಹಿಡಿದ ಕಥೆ, ಆಮೇಲೆ ಭೀಮೇಶ್ವರಿ ಕಡೆಯ ಕಾವೇರಿಯಲ್ಲಿ ಹವ್ಯಾಸದವರು ಮೀನು ಹಿಡಿದು, ತೂಕ ಬರೆದುಕೊಂಡು, ತಿರುಗಿ ನೀರಿಗೇ ಬಿಡುತ್ತಿದ್ದ ಕಥೆ ಎಲ್ಲ ಹೇಳಿದರು. ಅಷ್ಟೆಲ್ಲ ಆದರೂ ಕಾವೇರಿಯ ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತಂತೆ. ಹಿಡಿದು ಬಿಡುವುದಾದರೆ ಹಿಡಿಯುವುದು ಯಾಕೆ, ಅದಕ್ಕೂ ಬಾಯಿ ನೋಯುವುದಿಲ್ಲವೇ ಎಂದು ನಾನು ಕೇಳಿದೆ. ಹವ್ಯಾಸ ಅಂದರೆ ಹಾಗೇ ತಾಯೀ, ಅಂದರು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನು ಅಂತ ಯಾರೂ ಮುಟ್ಟುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಹಿಡಿದು ತಿನ್ನುವುದೂ ಅರ್ಥವಾಗುತ್ತದೆ. ನಡುವಿನದು ಗಂಡಸರಿಗೇ ಇರಲಿ.

ಆದರೆ ಮೇಷ್ಟ್ರು ಹೇಳಿದ ಒಂದು ಮಾತು ನನಗೆ ಹೊಸದು. "ಸಣ್ಣದನ್ನು ಬಿಡು, ದೊಡ್ಡದನ್ನು ಹಿಡಿ ಅನ್ನೋ ಒಂದೇ ನಿಯಮ ಎಲ್ಲ ಮೀನಿಗೂ ಆಗೋಲ್ಲ" ಅಂದರು. ಜಿಲೇಬಿ ಮೀನು ನಮ್ಮ ನಾಡಿನದಲ್ಲ, 1952ರಲ್ಲಿ ಹೊರಗಿನಿಂದ ತಂದದ್ದು. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅದಕ್ಕೇ ಸಂತಾನ ವಿಪರೀತ. ಕೆರೆ ತುಂಬ ತಾವೇ ಆಗಿ, ಮೇವು ಸಾಲದೆ ಅಂಗೈಯಗಲಕ್ಕೇ ನಿಂತುಬಿಡುತ್ತವೆ. ಅವನ್ನು ಎಷ್ಟು ಹಿಡಿದರೂ ಕೆರೆಗೆ ಒಳ್ಳೆಯದೇ, ಸಣ್ಣದನ್ನೂ ಬಿಡಬೇಡಿ. ಆಫ್ರಿಕಾದ ಕ್ಯಾಟ್‌ಫಿಶ್ ಸಿಕ್ಕರಂತೂ ವಾಪಸು ಬಿಡಲೇಬಾರದು; ಕೈಗೆ ಸಿಕ್ಕ ಮೀನು, ಕಪ್ಪೆ ಎಲ್ಲ ನುಂಗುವ ರಾಕ್ಷಸ ಅದು. ಅದನ್ನು ಸಾಕುವುದಕ್ಕೇ ನಿಷೇಧವಿದೆ. ಆದರೂ ಕೋಳಿ ಅಂಗಡಿಯ ಕಸ ಹಾಕಿ ಕದ್ದು ಸಾಕುವವರಿದ್ದಾರೆ, ಅಲ್ಲಿಂದ ತಪ್ಪಿಸಿಕೊಂಡು ಕೆರೆ ಸೇರುತ್ತದೆ.

"ಕೊರಮೀನು ಹಾಗಲ್ಲಮ್ಮ. ಮರಿ ಆದಮೇಲೆ ತಂದೆ ತಾಯಿ ಬಿಟ್ಟು ಹೋಗೋದಿಲ್ಲ. ಕೆಂಪು ಮರಿಗಳೆಲ್ಲ ಗುಂಪಾಗಿ ನೀರಿನ ಮೇಲೆ ಬುಳುಬುಳು ಅಂತಿರ್ತವೆ, ದೊಡ್ಡವು ಕೆಳಗೆ ಕಾವಲು. ಆ ಗುಂಪಿನ ನಡುವೆ ಕಪ್ಪೆ ಎಸೆದರೆ, ಹಸಿವಿಗಲ್ಲ, ಮರಿ ಉಳಿಸೋಕೆ ಅಂತ ಬಂದು ಕಚ್ಚುತ್ತೆ. ಹಾಗೆ ಹಿಡಿದರೆ ಮರಿಗಳು ಒಂದು ಗಂಟೆಯಲ್ಲಿ ಬೇರೆ ಮೀನಿನ ಪಾಲು."

ಮೇಷ್ಟ್ರು ಹೀಗೆ ಹೇಳುವಾಗ ನಮ್ಮವರು ತಲೆ ಎತ್ತಲಿಲ್ಲ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಲದೇ?

"ರೀ, ಈ ಎರಡು ಎಲ್ಲಿ ಸಿಕ್ಕವು?"

"ಮೇಷ್ಟ್ರು ಆ ಕಡೆ ದಡದಲ್ಲಿದ್ದರು. ಕೆಂಪಗೆ ಕಾಣ್ತು, ಎಸೆದೆ. ಮಗಳು ಕೇಳಿದ್ಲಲ್ಲ" ಅಂದರು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ನಿಲ್ಲುವುದು ಅವಳಿಗೆ ಈಗ ಅಭ್ಯಾಸ. "ಅಪ್ಪಾ, ಅವು ಇನ್ನೂ ಬದುಕಿವೆ ಅಲ್ವಾ?" ಅಂದಳು. ಬದುಕಿದ್ದವು. ಕೊರಮೀನು ನೀರಿನ ಮೇಲೆ ಬಂದು ಗಾಳಿ ಕುಡಿಯುವ ಜಾತಿ, ಬಕೆಟ್ಟಿನಲ್ಲೂ ಗಟ್ಟಿ. ನಮ್ಮವರು ಮಾತಾಡದೆ ಅವೆರಡನ್ನೂ ಮುಚ್ಚಳದ ಡಬ್ಬಿಗೆ ಹಾಕಿಕೊಂಡು, ನನ್ನ ತಮ್ಮನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಹತ್ತಿದರು. ಈಗ ಹೋಗಿ ಉಪಯೋಗವಿಲ್ಲ, ಮೂರು ಗಂಟೆ ಆಯ್ತು ಅಂತ ಮೇಷ್ಟ್ರು ಅಂದದ್ದು ಕೇಳಿಸಿದ ಹಾಗೆ ಕಾಣಲಿಲ್ಲ.

ಇನ್ನು ಉಳಿದ ಮೀನಿನ ವಿಷಯ. ಗಂಡಸರ ವಾದವೆಲ್ಲ ಹಿಡಿಯುವುದರ ಮೇಲೆ. ಒಲೆ ಮುಂದೆ ನಿಂತ ನನ್ನ ಯೋಚನೆ ತಿನ್ನುವುದರ ಮೇಲೆ. ಅವರು ಅವತ್ತು ಹೋಗಿದ್ದದ್ದು ಕೋಲಾರದ ಕಡೆಯ ಕೆರೆಗೆ, ಬೆಂಗಳೂರಿನ ನೀರು ತುಂಬಿದ ಕೆರೆಗೆ. ಆ ನೀರು ಅಂತರ್ಜಲ ಹೆಚ್ಚಿಸುವುದಕ್ಕೆ ಅಂತ ಬಿಟ್ಟದ್ದು, ನೇರ ಕುಡಿಯುವುದಕ್ಕಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ನಮ್ಮ ನೀರಾವರಿ ಹೋರಾಟದವರು ಕೇಳುತ್ತಲೇ ಬಂದಿದ್ದಾರೆ. ನೀರು ಬಂದದ್ದರಿಂದ ಬತ್ತಿದ ಬಾವಿಗಳಲ್ಲಿ ನೀರು ಕಂಡಿತು, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ನಾವೇ ಕುಡಿಯದ ನೀರಿನಲ್ಲಿ ಹಗಲೂ ರಾತ್ರಿ ಬಾಳಿದ ಮೀನನ್ನು ಬಸುರಿಗೆ ಬಡಿಸಬಹುದೇ?

ಭಾವ, "ಕುದಿಸಿದರೆ ಎಲ್ಲ ಹೋಗುತ್ತೆ ಬಿಡಮ್ಮ" ಅಂದರು. ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ನಿಜ. ಪಾದರಸ, ಸೀಸದಂಥ ಲೋಹ ಸೇರಿದ್ದರೆ ಎಷ್ಟು ಕುದಿಸಿದರೂ, ಎಷ್ಟು ಹುಣಿಸೆಹಣ್ಣು ಹಾಕಿದರೂ ಹೋಗುವುದಿಲ್ಲ. ಬೇರೆ ಮೀನು ತಿಂದು ಬದುಕುವ ದೊಡ್ಡ, ವಯಸ್ಸಾದ ಮೀನಿನಲ್ಲಿ ಪಾದರಸ ಹೆಚ್ಚು ಸೇರುತ್ತದೆ. ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ ಅದು ಕೆಡುಕು. ಅದಕ್ಕೇ ಬಸುರಿಯರು, ಹಾಲೂಡಿಸುವವರು ಅಂಥ ಮೀನು ಬಿಡಬೇಕು ಅಂತ ವೈದ್ಯರು ಹೇಳುವುದು. ಹಾಗಂತ ಮೀನನ್ನೇ ಬಿಡಬೇಕಿಲ್ಲ, ಬಸುರಿಗೆ ಮೀನು ಒಳ್ಳೆಯ ಆಹಾರ. ನೀರು ಯಾವುದು ಅಂತ ಗೊತ್ತಿದ್ದರೆ ಸಾಕು. ನಮ್ಮ ಕೆರೆಯ ಮೀನಿನಲ್ಲಿ ಏನಿದೆ, ಏನಿಲ್ಲ ಅಂತ ಆಗಾಗ ಪರೀಕ್ಷೆ ಮಾಡಿಸಿ, ಕೆರೆ ಏರಿಯ ಮೇಲೆ ಒಂದು ಬೋರ್ಡು ಹಾಕಿಸಿದರೆ ನನ್ನಂಥವರ ತಲೆನೋವು ತಪ್ಪುತ್ತದೆ. "ಗುತ್ತಿಗೆ ಹರಾಜಿನ ಸಭೆಯಲ್ಲಿ ಇದನ್ನ ಕೇಳಿ ಭಾವ" ಅಂದೆ. "ಕೇಳಿದ್ರೆ ನನ್ನ ಮೀನು ಯಾರು ಕೊಳ್ತಾರೆ?" ಅಂದರು. ಅದೂ ನಿಜವೇ.

ಕೊನೆಗೆ ನಾನು ಮಾಡಿದ್ದು ಇಷ್ಟು. ಕ್ಯಾಟ್‌ಫಿಶ್ ತೆಂಗಿನ ಬುಡಕ್ಕೆ ಗೊಬ್ಬರವಾಯಿತು. ಜಿಲೇಬಿಯನ್ನು ದೊಡ್ಡವರಿಗೆ ಮಾತ್ರ ಸಾರು ಮಾಡಿದೆ. ಮಗಳಿಗೆ ಮಾರನೇ ದಿನ, ನಮ್ಮೂರ ಪಕ್ಕದ ಮಳೆನೀರಿನ ಕೆರೆಯಲ್ಲಿ ಗುತ್ತಿಗೆಯವರು ಬಲೆ ಎಳೆದಾಗ ಒಂದು ಕೇಜಿಯ ರೋಹು ದುಡ್ಡು ಕೊಟ್ಟು ತರಿಸಿದೆ. ಸಾರು ಎರಡಕ್ಕೂ ಒಂದೇ. ಕೇಳಿಕೊಳ್ಳಿ.

ಮೀನು ಜಾರದ ಹಾಗೆ ಕೈಗೆ ಬೂದಿ ಹಚ್ಚಿಕೊಂಡು ಹುರುಪೆ ತೆಗೆಯಿರಿ. ಕಿವಿರು, ಕರುಳು, ಹೊಟ್ಟೆಯೊಳಗಿನ ಕರೀ ಪೊರೆ, ಕೊಬ್ಬು ಒಂದು ಚೂರೂ ಉಳಿಯಬಾರದು. ಕೆಸರು ವಾಸನೆ ಬಹುಪಾಲು ಅಲ್ಲೇ ಇರುವುದು. ಕಲ್ಲುಪ್ಪು, ಅರಿಶಿನ, ಸ್ವಲ್ಪ ಹುಣಿಸೆರಸ ಸವರಿ ಅರ್ಧ ಗಂಟೆ ಬಿಟ್ಟು ಮೂರು ನೀರಿನಲ್ಲಿ ತೊಳೆಯಿರಿ. ಒಂದು ಕೇಜಿ ಮೀನಿಗೆ ಎರಡು ಈರುಳ್ಳಿ ಸುಟ್ಟುಕೊಂಡು, ಒಂದು ಗೆಡ್ಡೆ ಬೆಳ್ಳುಳ್ಳಿ, ಮೂರು ಚಮಚ ಹುರಿದ ಧನಿಯ, ಅರ್ಧ ಚಮಚ ಮೆಣಸು, ಕಾಲು ಚಮಚ ಮೆಂತ್ಯ, ಖಾರಕ್ಕೆ ತಕ್ಕ ಒಣಮೆಣಸಿನಕಾಯಿ ಸೇರಿಸಿ ನುಣ್ಣಗೆ ರುಬ್ಬಿ. ಮಣ್ಣಿನ ಗಡಿಗೆಯಲ್ಲಿ ಕಡಲೆಕಾಯಿ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು, ಎರಡು ಟೊಮೇಟೊ ಬಾಡಿಸಿ, ರುಬ್ಬಿದ್ದು ಹಾಕಿ ಎಣ್ಣೆ ಬಿಡುವ ತನಕ ಹುರಿಯಿರಿ. ನಿಂಬೆಗಾತ್ರದ ಹುಣಿಸೆಹಣ್ಣಿನ ರಸ, ಉಪ್ಪು, ನೀರು ಹಾಕಿ ಚೆನ್ನಾಗಿ ಕುದ್ದ ಮೇಲೆ ಒಂದು ಮಾವಿನಕಾಯಿ ಹೋಳು, ಅವು ಅರೆಬೆಂದಾಗ ಮೀನು. ಆಮೇಲೆ ಸೌಟು ಆಡಿಸಬೇಡಿ, ಗಡಿಗೆಯನ್ನೇ ಹಿಡಿದು ತಿರುಗಿಸಿ. ಹತ್ತು ನಿಮಿಷಕ್ಕೆ ಇಳಿಸಿ. ಬಿಸಿ ರಾಗಿಮುದ್ದೆಗೆ ಅವತ್ತು, ತಂಗಳು ಮುದ್ದೆಗೆ ಮಾರನೇ ದಿನ.

ಅವತ್ತು ಸಂಜೆ ನಮ್ಮವರು ವಾಪಸು ಬಂದಾಗ ಸಾರು ಆರಿತ್ತು. ಕೊರಮೀನು ಎರಡೂ ಬಾಲ ಬಡಿದು ಕೆಳಕ್ಕೆ ಹೋದವಂತೆ. ಕೆಂಪು ಮರಿಗಳ ಗುಂಪು ಎಲ್ಲೂ ಕಾಣಲಿಲ್ಲವಂತೆ. ಕತ್ತಲಾಗುವ ತನಕ ದಡದಲ್ಲೇ ಕೂತು ನೋಡಿದರಂತೆ. ಮೇಷ್ಟ್ರು ಏನೂ ಅನ್ನಲಿಲ್ಲ, ಮುದ್ದೆ ಮುರಿದರು. ಈಗ ನಾಲ್ಕು ಭಾನುವಾರ ಆಯಿತು. ಗಾಳಕ್ಕೆ ಹೋಗುವುದೇನೂ ನಿಂತಿಲ್ಲ. ಎರೆಹುಳ, ರಾಗಿಹಿಟ್ಟು ಒಯ್ಯುತ್ತಾರೆ, ಜಿಲೇಬಿ ತರುತ್ತಾರೆ. ನನ್ನ ತಮ್ಮ ಕೊಟ್ಟು ಹೋದ ರಬ್ಬರಿನ ಕಪ್ಪೆ ಮಾತ್ರ ಅಡಿಗೆಮನೆ ಗೂಡಿನಲ್ಲಿ ಕೂತಿದೆ, ಹುಟ್ಟುವ ಮಗುವಿಗೆ ಆಟಕ್ಕಾಯಿತು ಅನ್ನುತ್ತಾರೆ. ಕೊಕ್ಕೆಯನ್ನು ನಾನೇ ಕಿತ್ತು ಎಸೆದೆ.