ಹಾಜರಿ ಕೊರತೆ ಹುಡುಗರದ್ದಷ್ಟೇ ಅಲ್ಲ

ಶೇ 75ರಷ್ಟು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪದವಿ ವಿದ್ಯಾರ್ಥಿಗಳಿಗೆ ಈ ನಿಯಮ ಬಾಯಿಪಾಠ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನೋಟಿಸ್ ಬೋರ್ಡಿಗೆ ಬರುವ ‘ಶಾರ್ಟೇಜ್’ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ಜೀವ ಕೈಯಲ್ಲಿ ಹಿಡಿದು ಹುಡುಕುತ್ತಾರೆ. ಪಾಠವೇ ಆಗದೆ ಹೋದ ಗಂಟೆಗಳ ಪಟ್ಟಿಯನ್ನು ಮಾತ್ರ ಯಾರೂ ಹಚ್ಚುವುದಿಲ್ಲ. ವಿದ್ಯಾರ್ಥಿ ಬಾರದಿದ್ದರೆ ಅದು ಕೊರತೆ, ಉಪನ್ಯಾಸಕರೇ ಇಲ್ಲದಿದ್ದರೆ ಅದು ‘ಆಡಳಿತಾತ್ಮಕ ಕಾರಣ’. ಇದು ಅನ್ಯಾಯ.

ಈ ಅನ್ಯಾಯಕ್ಕೆ ಸಾಕ್ಷಿ ಹೇಳಬಲ್ಲವರು ವಿದ್ಯಾರ್ಥಿಗಳು ಮಾತ್ರ. ಅವರ ಅಭಿಪ್ರಾಯ ಕೇಳೋಣ ಎಂದರೆ ಸಾಕು, ನಮ್ಮ ವಿದ್ಯಾವಂತರಲ್ಲೇ ಅನೇಕರು ಮುಖ ಸಿಂಡರಿಸುತ್ತಾರೆ. ‘ಗುರುವನ್ನು ತೂಗಲು ಇವರ್ಯಾರು? ಸಲೀಸಾಗಿ ಮಾರ್ಕ್ಸ್ ಕೊಟ್ಟವರನ್ನು ಹೊಗಳ್ತಾರೆ, ಬಿಗಿ ಮಾಡಿದವರನ್ನು ತೆಗಳ್ತಾರೆ’ ಎನ್ನುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾರೆ. ಫ್ರಾನ್ಸ್ ಮತ್ತು ಅಮೆರಿಕದ ವಿದ್ಯಾರ್ಥಿಗಳು ಕೊಟ್ಟ ಅಂಕಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಹಿಳಾ ಅಧ್ಯಾಪಕರಿಗೆ ವಿದ್ಯಾರ್ಥಿಗಳು ಕಡಿಮೆ ಅಂಕ ಕೊಡುವ ಚಾಳಿಯನ್ನು ತೋರಿಸಿಕೊಟ್ಟಿತು. ನಮ್ಮಲ್ಲಿ ಅದಕ್ಕೆ ಜಾತಿಯೂ ಸೇರಿಕೊಳ್ಳುತ್ತದೆ. ಹಾಗೆಂದು ಬಾಯಿ ಮುಚ್ಚಿಸುವುದು ಪರಿಹಾರವಲ್ಲ, ಪ್ರಶ್ನೆ ಬದಲಾಗಬೇಕು. ‘ಮೇಡಂ ಹೇಗೆ ಪಾಠ ಮಾಡ್ತಾರೆ’ ಎಂಬುದಕ್ಕಿಂತ ಮೊದಲು ‘ವಾರದಲ್ಲಿ ಎಷ್ಟು ಕ್ಲಾಸ್ ಆಯಿತು, ಯಾವ ತಿಂಗಳಲ್ಲಿ ಶುರುವಾಯಿತು, ಎಷ್ಟು ಘಟಕ ಮುಗಿಯಿತು’ ಎಂದು ಕೇಳಬೇಕು. ಇದಕ್ಕೆ ಉತ್ತರಿಸಲು ಪಾಂಡಿತ್ಯ ಬೇಡ, ಬೆಂಚಿನ ಮೇಲೆ ಕೂತಿದ್ದರೆ ಸಾಕು.

ಇಲ್ಲಿಯ ಮಕ್ಕಳು ಮಾತಿಗೆ ಕೂತರೆ ಮೊದಲು ಹೇಳುವುದೂ ಇದನ್ನೇ: ‘ಕ್ಲಾಸೇ ಆಗೂದಿಲ್ರಿ.’ ತಾಂಡಾದಿಂದಲೋ ಹಳ್ಳಿಯಿಂದಲೋ ಮುಂಜಾನೆಯ ಬಸ್ಸು ಹಿಡಿದು ಬರುವ ಹುಡುಗಿಗೆ ‘ಶಕ್ತಿ’ ಯೋಜನೆ ಟಿಕೆಟಿನ ಖರ್ಚು ಉಳಿಸಿದೆ. ಕಾಲೇಜಿಗೆ ಬಂದರೆ ಮೊದಲ ಅವಧಿ ಖಾಲಿ, ಎರಡನೆಯದು ಬೇರೆ ಸೆಕ್ಷನ್ ಜತೆ ಸೇರಿಸಿದ್ದು, ಮೂರನೆಯದರ ಹೊತ್ತಿಗೆ ಊರಿನ ಬಸ್ಸಿನ ಚಿಂತೆ. ಪರೀಕ್ಷೆ ಹತ್ತಿರ ಬಂದಾಗ ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಹತ್ತಾರು ಪುಟಗಳ ‘ಇಂಪಾರ್ಟೆಂಟ್’ ಪ್ರಶ್ನೋತ್ತರ ಸಿಗುತ್ತದೆ. ಇಡೀ ಅರ್ಥಶಾಸ್ತ್ರವನ್ನು ಅದರಲ್ಲೇ ಮುಗಿಸಿ ಪಾಸಾದವರು ಮುಂದೆ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗಿಗೆ ವಿಜಯಪುರಕ್ಕೋ ಧಾರವಾಡಕ್ಕೋ ಹೋಗಿ, ಕಾಲೇಜಿನಲ್ಲಿ ಕಲಿಯಬೇಕಾದ್ದನ್ನೇ ಅಪ್ಪನ ಸಾಲದ ಹಣದಲ್ಲಿ ಕಲಿಯುತ್ತಾರೆ.

ಇದಕ್ಕೆ ಪಾಠ ಮಾಡುವವರನ್ನು ದೂರುವುದು ಸುಲಭ. ಆದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು 26 ಸಾವಿರದಿಂದ 32 ಸಾವಿರ ರೂಪಾಯಿವರೆಗಿನ ಮೊತ್ತಕ್ಕೆ ಏರಿಸಿತು. ಜತೆಗೇ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿದ್ದರಿಂದ ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. 2023ರ ಕೊನೆಯಲ್ಲಿ ಅವರು ಕಾಯಮಾತಿಗಾಗಿ ವಾರಗಟ್ಟಲೆ ತರಗತಿ ಬಹಿಷ್ಕರಿಸಿದರು. 2025ರಲ್ಲಿ ಯುಜಿಸಿ ಅರ್ಹತೆಯ ವ್ಯಾಜ್ಯ ಹೈಕೋರ್ಟಿಗೆ ಹೋಗಿ ನೇಮಕವೇ ತಡವಾಯಿತು. ಪ್ರತಿ ವರ್ಷ ಪಟ್ಟಿ ಬರುವವರೆಗೆ ತಮಗೆ ಕೆಲಸವಿದೆಯೋ ಇಲ್ಲವೋ ಎಂದು ತಿಳಿಯದವರಿಂದ ತಯಾರಿಯ ಪಾಠ ನಿರೀಕ್ಷಿಸುವುದು ಯಾವ ನ್ಯಾಯ? ಆದ್ದರಿಂದ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಅತಿಥಿಗಳನ್ನು ಕೈಬಿಡುವ ನೆಪವಾಗಿ ಬಳಸುವುದನ್ನು ನಾನು ಖಂಡತುಂಡವಾಗಿ ವಿರೋಧಿಸುತ್ತೇನೆ. ಆ ಅಭಿಪ್ರಾಯ ಉಪನ್ಯಾಸಕರ ಕುತ್ತಿಗೆಗಲ್ಲ, ಖಾಲಿ ಹುದ್ದೆ ತುಂಬದ ಕಾಲೇಜು ಶಿಕ್ಷಣ ಇಲಾಖೆ ಮತ್ತು ಪದವಿ ಕೊಡುವ ವಿಶ್ವವಿದ್ಯಾಲಯದ ಮೇಜಿಗೆ ಬರಬೇಕು.

ಪಠ್ಯಕ್ರಮದ ಗೊಂದಲ ಇದರ ಮೇಲಿನ ಹೊರೆ. 2021-22ರಲ್ಲಿ ದೇಶಕ್ಕೇ ಮೊದಲಿಗರಾಗಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ತಂದೆವು, 2024ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆವು. ಎರಡೂ ಸಲ ತಾಲ್ಲೂಕಿನ ಮಕ್ಕಳನ್ನು ಯಾರೂ ಕೇಳಲಿಲ್ಲ.

‘ನ್ಯಾಕ್ ಸಮೀಕ್ಷೆ ಇದೆಯಲ್ಲ’ ಎನ್ನುವವರಿದ್ದಾರೆ. ಇದೆ, ನಿಜ. ಕಾಲೇಜುಗಳಿಗೆ ಮಾನ್ಯತೆ ಕೊಡುವ ಆ ಸಂಸ್ಥೆಯ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ಮೊದಲ ಪ್ರಶ್ನೆಯೇ ಪಠ್ಯ ಎಷ್ಟು ಮುಗಿಯಿತು ಎಂಬುದು. ಪ್ರಶ್ನೆ ಚೆನ್ನಾಗಿದೆ. ಆದರೆ ನ್ಯಾಕ್ ತಾನೇ ಅದನ್ನು ಕೇಳುವುದು ಕಾಲೇಜು ಮಾನ್ಯತೆಗೆ ಹೋದಾಗ ಮಾತ್ರ, ವಿದ್ಯಾರ್ಥಿಗಳ ಹೆಸರು-ಇಮೇಲ್ ಪಟ್ಟಿ ಕೊಡುವುದೂ ಕಾಲೇಜೇ. ತಂಡ ಬರುವ ಮುನ್ನ ಗೋಡೆಗೆ ಸುಣ್ಣ ಬಳಿಸುವುದು, ಮಕ್ಕಳಿಗೆ ಏನು ಹೇಳಬೇಕೆಂದು ಕಲಿಸಿಕೊಡುವುದು ನಮ್ಮ ಭಾಗದಲ್ಲಿ ಗುಟ್ಟೇನಲ್ಲ. ಇಂಟರ್ನಲ್ ಅಂಕ ಕಾಲೇಜಿನ ಕೈಯಲ್ಲಿರುವಾಗ (ಎನ್‌ಇಪಿಯಲ್ಲಂತೂ ಅದು ನೂರಕ್ಕೆ 40 ಇತ್ತು) ಯಾವ ಹುಡುಗ ಎದ್ದು ನಿಂತು ನಿಜ ಹೇಳಿಯಾನು? ಕ್ಯಾಂಪಸ್ಸುಗಳಲ್ಲಿ ಚುನಾವಣೆ ನಿಂತು ಮೂರು ದಶಕ ಮೀರಿದೆ, ಅವನ ಪರ ಮಾತಾಡುವ ಸಂಘವೂ ಇಲ್ಲ.

ಮಕ್ಕಳ ಮಾತು ಕೇಳಬೇಕಾದ ವಿಶ್ವವಿದ್ಯಾಲಯವೂ ಹತ್ತಿರವಿಲ್ಲ. ಧಾರವಾಡ ದೂರವೆಂದು 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಸಿಂದಗಿ, ಇಂಡಿಯವರಿಗೆ ಅದು ಈಗಲೂ ಇನ್ನೂರು ಕಿಲೋಮೀಟರಿನಾಚೆಯ ಮಾತು. ಭೀಮೆಯ ಆಚೆ ದಡದ ಅಫಜಲಪುರಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸವಲತ್ತಾದರೂ ಇದೆ, ಈಚೆ ದಡಕ್ಕೆ ಅದೂ ಇಲ್ಲ. ಬಾಗಲಕೋಟೆಗೆ ಪ್ರತ್ಯೇಕ ವಿಶ್ವವಿದ್ಯಾಲಯವಾದ ಮೇಲೆ ರಾಣಿ ಚನ್ನಮ್ಮ ವಿ.ವಿ.ಗೆ ಉಳಿದಿರುವುದು ಬೆಳಗಾವಿ, ವಿಜಯಪುರ ಎರಡೇ ಜಿಲ್ಲೆ. ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವ ಕೆಲಸ ಕಷ್ಟವೆನ್ನಲು ಈಗ ಕಾರಣವಿಲ್ಲ.

ದಾರಿ ಕಣ್ಣೆದುರೇ ಇದೆ. ಪರೀಕ್ಷಾ ಅರ್ಜಿ ತುಂಬಲು ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳ ಏಕೀಕೃತ ಜಾಲತಾಣವಾದ ಯುಯುಸಿಎಂಎಸ್‌ಗೆ ಹೋಗಲೇಬೇಕು. ಅಲ್ಲಿಯೇ ವಿಷಯವಾರು ಐದು ಪ್ರಶ್ನೆ ಇಡಲಿ. ಉತ್ತರಕ್ಕೂ ನೋಂದಣಿ ಸಂಖ್ಯೆಗೂ ಕೊಂಡಿ ಇರಕೂಡದು, ಫಲಿತಾಂಶ ಪ್ರಾಚಾರ್ಯರ ಕೈ ದಾಟಿ ಬರಕೂಡದು. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಐಚ್ಛಿಕ ವಿಷಯಗಳಲ್ಲಿ ಯಾರು ಬರೆದರೆಂದು ಊಹಿಸುವುದು ಸುಲಭ, ಅಂಥವನ್ನು ಒಟ್ಟುಗೂಡಿಸಿ ಪ್ರಕಟಿಸಲಿ. ಕಾಲೇಜುವಾರು ನಡೆದ ತರಗತಿಗಳ ಸಂಖ್ಯೆ, ಖಾಲಿ ಹುದ್ದೆಗಳ ಸಂಖ್ಯೆ ಎರಡನ್ನೂ ಅಕ್ಕಪಕ್ಕ ಇಟ್ಟು ಸಿಂಡಿಕೇಟ್ ಸಭೆಯಲ್ಲಿ ಮಂಡಿಸಲಿ. ಅರ್ಧ ಪಾಠವೂ ಆಗದ ವಿಷಯದಲ್ಲಿ ‘ಶಾರ್ಟೇಜ್’ ಹೆಸರಿನಲ್ಲಿ ಯಾವ ವಿದ್ಯಾರ್ಥಿಯನ್ನೂ ಪರೀಕ್ಷೆಯಿಂದ ಹೊರಗಿಡಬಾರದು, ಮುಂದಿನ ಸೆಮಿಸ್ಟರಿನಿಂದಲೇ.