ಬಾವುಟ ಬದಲಿಸುವ ಮುನ್ನ

ನಮ್ಮ ದೊಡ್ಡನೆಕ್ಕುಂದಿಯಲ್ಲಿ ನವೆಂಬರ್ 1ರಂದು ಹಾರುವುದು ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಹಳದಿ-ಕೆಂಪು ಬಾವುಟವೇ. 2017ರಲ್ಲಿ ರಚಿತವಾದ 9 ಸದಸ್ಯರ ಸಮಿತಿಯ ಶಿಫಾರಸಿನಂತೆ ರಾಜ್ಯ ಸರ್ಕಾರ 2018ರ ಮಾರ್ಚ್ 8ರಂದು ಅನಾವರಣಗೊಳಿಸಿದ, ನಡುವೆ ಬಿಳಿ ಪಟ್ಟಿಯೂ ಗಂಡಭೇರುಂಡವೂ ಇರುವ ಧ್ವಜವು ಒಪ್ಪಿಗೆಗೆಂದು ಕೇಂದ್ರಕ್ಕೆ ಹೋಯಿತು. ಜನರ ಮುಂದೆ ಮತಕ್ಕೆ ಬರಲಿಲ್ಲ. ಸಂಘಟನೆಗಳ ಮುಖಂಡರೊಡನೆ ಸಭೆ ನಡೆಸಿದ ಮಾತ್ರಕ್ಕೆ ಅದು ಜನಾಭಿಪ್ರಾಯವಾಗದು. ಮೊದಲೇ ಆದ ತೀರ್ಮಾನಕ್ಕೆ ಸಮಿತಿಯೊಂದು ಹೇಗೆ ಅಂಗಿ ತೊಡಿಸಬಲ್ಲದೆಂಬುದನ್ನು ಕಡತಗಳ ನಡುವೆ ಬದುಕಿದ ನಾನು ಬಲ್ಲೆ.

ನ್ಯೂಜಿಲೆಂಡ್ 2015ರಲ್ಲಿ ಸಾರ್ವಜನಿಕರಿಂದ 10,292 ವಿನ್ಯಾಸಗಳನ್ನು ಪಡೆದು, ಎರಡು ಬಾರಿ ಜನಮತ ಗಣನೆ ನಡೆಸಿತು. 2016ರಲ್ಲಿ ಶೇ 56ಕ್ಕೂ ಹೆಚ್ಚು ಮತದಾರರು ಹಳೆಯ ಧ್ವಜವನ್ನೇ ಉಳಿಸಿಕೊಂಡರು. ಬದಲಾವಣೆ ಬೇಕೇ ಎಂಬ ಪ್ರಶ್ನೆ ಕೊನೆಗೆ ಬಂದದ್ದೇ ಅಲ್ಲಿನ ಲೋಪ. ನಾವು ಅದನ್ನೇ ಮೊದಲು ಕೇಳಬೇಕು. ಬೇಕೆಂದರೆ, ವಿನ್ಯಾಸಗಳನ್ನು ಆಹ್ವಾನಿಸಿ, ಆಯ್ಕೆಯ ಕಾರಣಗಳನ್ನು ಪ್ರಕಟಿಸಿ, ಹಳದಿ-ಕೆಂಪನ್ನೂ ಕಣದಲ್ಲಿರಿಸಬೇಕು.