ಓಟಿಗೆ ಸಿಕ್ಕ ವಿಳಾಸ



ಶಾಸಕರ ಸ್ಥಾನ ತೆರವಾಗಿ, ಅವಧಿ ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಆರು ತಿಂಗಳೊಳಗೆ ಅದನ್ನು ತುಂಬಬೇಕೆಂದು ಕಾನೂನಿದೆ. ನಂಜನಗೂಡಿನಲ್ಲಿ ಈ ಗಡುವು ತಪ್ಪಲಿಲ್ಲ. 2016ರ ಜೂನ್‌ನಲ್ಲಿ ಮಂತ್ರಿಗಿರಿ ಕಳೆದುಕೊಂಡ ವಿ. ಶ್ರೀನಿವಾಸಪ್ರಸಾದ್ (ಅವರೀಗ ದಿವಂಗತರು) ಅಕ್ಟೋಬರಿನಲ್ಲಿ ಶಾಸಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ಸ್ಪರ್ಧಿಸಿದರು. 2017ರ ಏಪ್ರಿಲ್ 9ರಂದು ಉಪಚುನಾವಣೆ ನಡೆಯಿತು. ಕಾಂಗ್ರೆಸ್ಸಿನ ಕಳಲೆ ಕೇಶವಮೂರ್ತಿ 21,334 ಮತಗಳಿಂದ ಗೆದ್ದರು. ಅದೇ ದಿನ ಮತದಾನ ನಡೆದ ಗುಂಡ್ಲುಪೇಟೆಯಲ್ಲಿ, ಪತಿಯ ನಿಧನದಿಂದ ತೆರವಾದ ಸ್ಥಾನಕ್ಕೆ ಗೀತಾ ಮಹದೇವಪ್ರಸಾದ್ ಆಯ್ಕೆಯಾದರು.

ಪ್ರಸಾದ್ ಅವರು ಮತ ಕೇಳಿದ್ದು ಸ್ವಾಭಿಮಾನದ ಹೆಸರಿನಲ್ಲಿ. ಹಿರಿಯ ದಲಿತ ನಾಯಕರೊಬ್ಬರ ಮಾನದ ಪ್ರಶ್ನೆಯನ್ನು ನಾನು ಹಗುರಾಗಿ ಕಾಣುವವಳಲ್ಲ. ಆದರೆ ಮನೆಯಿಂದ ಹೊರದೂಡಲ್ಪಟ್ಟ ಹೆಣ್ಣಿಗೂ ಒಂದು ಸ್ವಾಭಿಮಾನವಿದೆ ಎಂಬ ಮಾತು, ನಾನು ಕೇಳಿದ ಯಾವ ಪಕ್ಷದ ಭಾಷಣದಲ್ಲೂ ಬರಲಿಲ್ಲ.

ತಿ. ನರಸೀಪುರದ ಕಡೆಯ ಹೆಣ್ಣುಮಗಳೊಬ್ಬಳನ್ನು ನಂಜನಗೂಡು ತಾಲ್ಲೂಕಿಗೆ ಕೊಟ್ಟಿದ್ದರು. ಬಾಕಿ ವರದಕ್ಷಿಣೆಗಾಗಿ ಏಟು ತಿಂದು ಅವಳು ತವರು ಸೇರಿ ವರ್ಷವಾಗಿತ್ತು. ಹೆಸರು ಮಾತ್ರ ಗಂಡನ ಊರಿನ ಮತದಾರರ ಪಟ್ಟಿಯಲ್ಲೇ ಉಳಿದಿತ್ತು. ಮತದಾನದ ಬೆಳಿಗ್ಗೆ ತವರಿನ ಬಾಗಿಲಿಗೆ ಜೀಪು ಬಂತು. (ಮತದಾರರನ್ನು ಹೀಗೆ ಸಾಗಿಸುವುದೇ ಅಕ್ರಮ, ಅದಿರಲಿ.) ಅಂದು ಬಟ್ಟೆಯ ಗಂಟನ್ನೂ ಕೊಡದೆ ಅಟ್ಟಿದ್ದ ಮೈದುನನೇ ಮುಂದೆ ಕುಳಿತಿದ್ದ. “ಬನ್ನಿ ಅತ್ಗೆಮ್ಮ, ಒಂದ್ ಓಟ್ ಹಾಕ್ಬುಟ್ಟು ಬರೋರಂತೆ” ಎಂದನಂತೆ. ಓಟು ಹಾಕಿಸಿ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಇಳಿಸಿ ಹೋದರು. ಗಂಡನ ಮನೆಯ ಹೊಸಿಲು ತೋರಿಸಲಿಲ್ಲ. ನರಸೀಪುರಕ್ಕೆ ಬಸ್ ಚಾರ್ಜು ಅವಳದೇ.

ಇದನ್ನು ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಓಟಿಗೆ ಆ ಮನೆ ಅವಳ ವಿಳಾಸ, ವಾಸಕ್ಕೆ ಮಾತ್ರ ಅಲ್ಲ! 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಮಿನಂತೆ, ಮನೆಯ ಪತ್ರ ಯಾರ ಹೆಸರಿನಲ್ಲಿದ್ದರೂ, ಸಂಸಾರ ನಡೆಸಿದ ಮನೆಯಲ್ಲಿ ಇರುವ ಹಕ್ಕು ಹೆಣ್ಣಿಗಿದೆ. ಅವಳು ಅಲ್ಲಿ ಬಾಳಿದ್ದೇ ಸುಳ್ಳೆಂದು ಅವರು ವಾದಿಸಿದರೆ, ಮತದಾರರ ಪಟ್ಟಿಯೂ ಒಂದು ಸಾಕ್ಷಿ. ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಮುಗಿಸಲು ಯತ್ನಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಶಾಸಕರ ಕುರ್ಚಿ ಆರು ತಿಂಗಳಲ್ಲಿ ತುಂಬಿತು. ಇವಳಿಗೆ ಒಂದೂವರೆ ವರ್ಷ ಬರೀ ತಾರೀಖುಗಳೇ.

ತವರಿಗೆ ಹೆಸರು ವರ್ಗಾಯಿಸಿಕೊಳ್ಳಲು ಎಂಟನೇ ನಮೂನೆಯ ಅರ್ಜಿ ಇದೆ. ಅದನ್ನು ಕೊಡುವ ಮುನ್ನ, ಗಂಡನ ಊರಿನ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟದ ನಕಲೊಂದನ್ನು ತೆಗೆದಿಟ್ಟುಕೊಳ್ಳಿ.